ಎಡಮುರಿ ಕಾಯಿಯ ಎರಡು ಸುತ್ತು

ಬಾಣಂತಿಗೆ ಬೇಕಾದ ಅಂಟು, ಅಳವಿ ಬೀಜ, ಖಾರೀಕು ಎನ್ನುವ ಒಣ ಖರ್ಜೂರ ಎಲ್ಲ ಕಟ್ಟಿಸಿಕೊಂಡು ಹೊರಟಿದ್ದೆ. ಗಡಹಿಂಗ್ಲಜದ ಸಂತೆಯಲ್ಲಿ ಗೋಣಿಚೀಲ ಹಾಸಿಕೊಂಡು ಬೇರು, ತೊಗಟೆ ಮಾರುವ ಹೆಂಗಸು ನನ್ನ ಚೀಲದೊಳಗೊಮ್ಮೆ ಇಣುಕಿ ನೋಡಿ, ಇವಳ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ತಿಳಿದುಕೊಂಡಳು. ತನ್ನ ರಾಶಿಯಿಂದ ಒಂದು ಒಣಕಾಯಿ ಆರಿಸಿ ನನ್ನ ಅಂಗೈಯಲ್ಲಿಟ್ಟು, "ಘ್ಯಾ ಆಜೀ, ಬಾಳಾಸಾಠೀ ಮುರುಡಶೇಂಗ" ಎಂದಳು. ಮಗುವಿಗೆ ಅಂತ ಕೊಟ್ಟದ್ದೇನೋ ಸರಿ. ಆದರೆ ನನ್ನನ್ನು ಅಜ್ಜಿ ಎಂದು ಕರೆದ ಮೊದಲ ಹೊರಗಿನವಳು ಅವಳು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ನಾಲ್ಕು ಹೆಜ್ಜೆ ನಡೆದು, ಯಾಕೋ ಕಾಯಿಯನ್ನು ಉಗುರಿನಿಂದ ಕೆರೆದು ಮೂಗಿಗೆ ಹಿಡಿದೆ.

ವಾಸನೆ ಎನ್ನುವಂಥ ವಾಸನೆ ಅದಕ್ಕಿಲ್ಲ. ಬಿಸಿಲಿಗೆ ಒಣಗಿದ ಕಟ್ಟಿಗೆಯ ಸಿಪ್ಪೆಯ ಹಾಗೆ, ಅದರ ಹಿಂದೆ ಒಂದಿಷ್ಟು ಒಗರು... ಅಷ್ಟೆ. ಆದರೆ ಅಷ್ಟರಲ್ಲೇ ಇಚಲಕರಂಜಿಯ ನಮ್ಮ ಗಲ್ಲಿ, ಹತ್ತಿಯ ಧೂಳು, ಮಗ್ಗಕ್ಕೆ ಬಿಡುವ ಎಣ್ಣೆ, ಒದ್ದೆ ಸಾಣೆಕಲ್ಲು ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ನಾನೂ ನಿಂತೇ ಬಿಟ್ಟೆ. ಹಿಂದಿನಿಂದ ಕೊತ್ತಂಬರಿ ಬುಟ್ಟಿ ಹೊತ್ತು ಬಂದವನು ಗದರಿದ ಮೇಲೆಯೇ ದಾರಿ ಬಿಟ್ಟದ್ದು.

ನಾವು ಅದನ್ನು ಎಡಮುರಿ ಕಾಯಿ ಎನ್ನುತ್ತಿದ್ದೆವು. ಬೆರಳುದ್ದ, ಕಂದು ಬಣ್ಣ. ಐದು ಎಳೆಗಳನ್ನು ಹಗ್ಗ ಹೊಸೆದಂತೆ ಒಂದಕ್ಕೊಂದು ತಿರುಚಿ ಇಟ್ಟ ಹಾಗಿರುತ್ತದೆ. ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಆಜರಾ ಕಡೆಯ ಗುಡ್ಡಗಳ ಇಳಿಜಾರಿನಲ್ಲಿ ತಾನಾಗಿ ಬೆಳೆಯುವ ಗಿಡ. ಆಯುರ್ವೇದದವರು ಅದಕ್ಕೆ ಆವರ್ತನಿ ಎನ್ನುತ್ತಾರಂತೆ. ನಮ್ಮ ಗಲ್ಲಿಯಲ್ಲಿ ಅಷ್ಟು ದೊಡ್ಡ ಹೆಸರು ಯಾರಿಗೂ ಬೇಕಿರಲಿಲ್ಲ. ಕೂಸಿನ ಹೊಟ್ಟೆ ನುಲಿಯುತ್ತಿದೆಯೇ, ಆಯಿಯನ್ನು ಕರೆಯಿರಿ, ಮುಗಿಯಿತು.

ಆಯಿ ಎಂದರೆ ಗುಟ್ಟಿ ಆಯಿ. ಬೇರು, ಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸುವುದಕ್ಕೆ ಗುಟ್ಟಿ ಎನ್ನುತ್ತಾರೆ. ಗಲ್ಲಿಯ ಕನ್ನಡದವರಿಗೂ ಮರಾಠಿಯವರಿಗೂ ಅವರು ಒಬ್ಬರೇ ಆಯಿ. ನಾನು ಮದುವೆಯಾಗಿ ಬರುವ ಹೊತ್ತಿಗೇ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹುಟ್ಟಿದ್ದು ಉತ್ತೂರಿನ ಕಡೆಯ ಕುರಿ ಕಾಯುವ ಮನೆತನದಲ್ಲಿ. ಮದುವೆಯಾಗಿ ಇಚಲಕರಂಜಿಗೆ ಬಂದದ್ದು ಮಗ್ಗ ನಡೆಸುವವನ ಹೆಂಡತಿಯಾಗಿ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮಕ್ಕಳಾಗಲಿಲ್ಲ.

ನಮ್ಮದು ಕರೆಂಟಿನ ಮಗ್ಗದ ಶೆಡ್ಡಿನ ಬೆನ್ನಿಗೆ ಅಂಟಿಸಿ ಕಟ್ಟಿದ, ಒಂದೊಂದೇ ಕೋಣೆಯ ಆರು ಖೋಲಿಗಳ ಸಾಲು. ಗೋಡೆಯ ಆ ಕಡೆ ಮಗ್ಗ, ಈ ಕಡೆ ಸಂಸಾರ. ಹಗಲೂ ರಾತ್ರಿ ಖಟ್ ಖಟ್ ಖಟ್. ಹೊಸದಾಗಿ ಬಂದಾಗ ನನಗೆ ತಲೆನೋವು ಬರುತ್ತಿತ್ತು, ಗಂಡನ ಮೇಲೂ ಅವನ ಊರಿನ ಮೇಲೂ ಸಿಟ್ಟು ಬರುತ್ತಿತ್ತು. ಆರು ತಿಂಗಳಾದ ಮೇಲೆ ಸದ್ದು ಇದೆ ಎನ್ನುವುದೇ ಮರೆತುಹೋಯಿತು. ಅಲ್ಲಿನ ಕೂಸುಗಳ ಕಥೆಯಂತೂ ಇನ್ನೂ ವಿಚಿತ್ರ. ಮಗ್ಗ ನಡೆಯುವಾಗ ಹಾಯಾಗಿ ಮಲಗುತ್ತಿದ್ದವು. ಲೈಟ್ ಹೋಗಿ ಮಗ್ಗ ನಿಂತಿತೋ, ಗಲ್ಲಿಯ ಅಷ್ಟೂ ತೊಟ್ಟಿಲುಗಳಿಂದ ಒಟ್ಟಿಗೆ ಅಳು.

ಆಯಿಯ ಖೋಲಿ ಸಾಲಿನ ಕೊನೆಯದು, ಬಾಗಿಲು ಪಕ್ಕಕ್ಕೆ. ಹೊಸಿಲ ಪಕ್ಕದ ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕುಳಿತು, ಮಡಿಲಲ್ಲಿ ಕೂಸು, ಎದುರಿಗೆ ಸಾಣೆಕಲ್ಲು. ಕಲ್ಲಿನ ನಡುವೆ ವರ್ಷಾನುಗಟ್ಟಲೆ ತೇಯ್ದು ಒಂದು ತಗ್ಗು ಬಿದ್ದಿತ್ತು. ಬಜೆ, ಅಳಲೆಕಾಯಿ, ಜಾಯಿಕಾಯಿ, ಖಾರೀಕು, ಕೊನೆಗೆ ಎಡಮುರಿ. ಅಳತೆಯೆಲ್ಲ ಸುತ್ತಿನಲ್ಲಿ. ಕಲ್ಲಿನ ಮೇಲೆ ಕಾಯಿಯನ್ನು ಒಮ್ಮೆ ದುಂಡಗೆ ಆಡಿಸಿದರೆ ಒಂದು ಸುತ್ತು. ಎಡಮುರಿಗೆ ಮಾತ್ರ ತಿಂಗಳಿಗೊಂದು ಸುತ್ತು. ಒಂದು ತಿಂಗಳ ಕೂಸಿಗೆ ಒಂದು, ಎರಡು ತಿಂಗಳಿನದಕ್ಕೆ ಎರಡು, ಹೆಚ್ಚಿಲ್ಲ ಕಡಿಮೆಯಿಲ್ಲ. ತೇಯ್ದದ್ದರಲ್ಲಿ ಮೊದಲ ಬೆರಳು ಆಯಿಯ ನಾಲಿಗೆಗೆ, ಎರಡನೆಯದು ಕೂಸಿಗೆ. ಜ್ವರ ಇದ್ದರೆ, ಕೂಸು ಹಾಲು ಕುಡಿಯುವುದು ಬಿಟ್ಟರೆ ಆಯಿ ಕಲ್ಲು ಮುಟ್ಟುತ್ತಿರಲಿಲ್ಲ. "ಇದು ನನ್ನ ಕಲ್ಲಿನ ಕೆಲಸಲ್ಲ, ದವಾಖಾನಿಗೆ ನಡೀರಿ" ಎಂದು ತಾವೇ ಮುಂದಾಗಿ ಚಪ್ಪಲಿ ಮೆಟ್ಟುತ್ತಿದ್ದರು.

ಗಂಡ ಸತ್ತವರು, ಮಕ್ಕಳಿಲ್ಲದವರು ಎಂದು ಮದುವೆ, ಬಸುರಿಯ ಕುಬಸ ಎಂದಾಗ ಆಯಿ ತಾವೇ ಹಿಂದೆ ಸರಿದು ಗೋಡೆಗೆ ಆನಿಕೊಂಡು ನಿಲ್ಲುತ್ತಿದ್ದರು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಯಾರೂ ಮುಂದೆ ಬನ್ನಿ ಎಂದೂ ಕರೆಯುತ್ತಿರಲಿಲ್ಲ. ಆದರೆ ಗುಟ್ಟಿಯ ಹೊತ್ತಿನಲ್ಲಿ ಗಲ್ಲಿಯ ಎಲ್ಲ ಕೂಸುಗಳೂ ಅವರ ಮಡಿಲಿಗೇ ಬರಬೇಕು. ಬೆಳಗಿನ ಆ ಒಂದು ತಾಸಿಗಾಗಿಯೇ ಆಯಿ ಬದುಕಿದ್ದರು ಎಂದು ನನಗೆ ಈಗ ಅನಿಸುತ್ತದೆ. ಆಗ ಅನಿಸಿರಲಿಲ್ಲ. ಆಗ ನನಗೆ ಇಪ್ಪತ್ತು ವರ್ಷ, ನನ್ನದೇ ನನಗೆ ಹೆಚ್ಚಾಗಿತ್ತು.

ಅದೇ ವರ್ಷ ಮಗಳು ಹುಟ್ಟಿದಳು. ಹುಟ್ಟಿದ್ದೇ ಹೊಟ್ಟೆನೋವು ಕಟ್ಟಿಕೊಂಡು. ಕಾಲು ಹೊಟ್ಟೆಗೆ ಮಡಚಿ, ಮುಖ ಕೆಂಪಗೆ ಮಾಡಿ ಒಂದೇ ಸಮನೆ ಕಿರುಚುವಳು. ನನ್ನ ಅತ್ತೆ ದೃಷ್ಟಿ ತೆಗೆದು ಸೋತರು. ಕೊನೆಗೆ ಆಯಿಯ ಮಡಿಲಿಗೆ ಹಾಕಿದೆವು. ಎರಡು ವಾರದಲ್ಲಿ ಮಗಳು ಮನುಷ್ಯರಂತೆ ಮಲಗಲು ಕಲಿತಳು. ಆಯಿ ಎಂದರೆ ದೇವರು ಎಂದು ಅತ್ತೆ ಗಲ್ಲಿಯಿಡೀ ಹೇಳಿಕೊಂಡು ಬಂದರು. ನಮ್ಮ ಅತ್ತೆಗೆ ಹೇಳಲು ಒಂದು ವಿಷಯ ಸಿಕ್ಕರೆ ಸಾಕಿತ್ತು.

ಅದು ಲೋಡ್ ಶೆಡ್ಡಿಂಗ್ ಜೋರಾಗಿದ್ದ ಕಾಲ. ಮೊದಮೊದಲು ಮಧ್ಯಾಹ್ನ ಹೋಗುತ್ತಿದ್ದ ಲೈಟ್ ಆಮೇಲಾಮೇಲೆ ಹೊತ್ತುಗೊತ್ತಿಲ್ಲದೆ ಹೋಗತೊಡಗಿತು. ಮಗಳಿಗೆ ಎರಡು ತಿಂಗಳು ತುಂಬಿದ ವಾರ. ಬೆಳಗಿನ ಹೊತ್ತು ಆಯಿಯ ಹೊಸಿಲಲ್ಲಿ ನಾನು ಕುಳಿತಿದ್ದೆ. ಬಜೆ ಆಯಿತು, ಅಳಲೆಕಾಯಿ ಆಯಿತು, ಉಳಿದವೂ ಆದವು. ಎಡಮುರಿ ಕೈಗೆತ್ತಿಕೊಂಡು ಕಲ್ಲಿಗೆ ಇಟ್ಟಿದ್ದರಷ್ಟೆ, ಲೈಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಎಂದಿನಂತೆ ತೊಟ್ಟಿಲುಗಳ ಅಳು ಎದ್ದಿತು. ಆಯಿಯ ಕೈ ಮಾತ್ರ ನಿಲ್ಲಲಿಲ್ಲ. ಕಣ್ಣು ಎಲ್ಲೋ, ಕಿವಿ ಎಲ್ಲೋ. ಕಾಯಿ ಕಲ್ಲಿನ ಮೇಲೆ ದುಂಡಗೆ, ದುಂಡಗೆ ತಿರುಗುತ್ತಲೇ ಇತ್ತು...

ನಾನು ನೋಡಿದೆ. ಇದನ್ನು ಬರೆಯಲೇಬೇಕು. ಎರಡು ಸುತ್ತು ಯಾವಾಗಲೋ ಮುಗಿದಿತ್ತು ಎಂದು ನನಗೆ ಗೊತ್ತಾಗಿತ್ತು. ಆದರೆ ದೊಡ್ಡವರ ಕೈ ತಡೆದು ಎಣಿಕೆ ಹೇಳಿಕೊಡುವುದು ಹೇಗೆ ಎಂದು ಸುಮ್ಮನಿದ್ದೆ. ಆಯಿ ಎಚ್ಚೆತ್ತವರಂತೆ ಕೈ ನಿಲ್ಲಿಸಿ, ಬೆರಳು ಅದ್ದಿ ತಮ್ಮ ನಾಲಿಗೆಗೆ ಹಚ್ಚಿಕೊಂಡರು. ಹುಬ್ಬು ಒಂದಿಷ್ಟು ಗಂಟಾಯಿತು. ಅಷ್ಟರಲ್ಲಿ ಮಗಳು ಕಿರುಚತೊಡಗಿದ್ದಳು. ಆ ಗದ್ದಲದಲ್ಲಿ ಎರಡನೆಯ ಬೆರಳು ಅವಳ ಬಾಯಿಗೆ ಹೋಯಿತು.

ಎಡಮುರಿ ಹೊಟ್ಟೆಯನ್ನು ಹಿಡಿಯುವ ಕಾಯಿ. ಹದವಾಗಿದ್ದರೆ ನೋವು ಹಿಡಿಯುತ್ತದೆ, ಹೆಚ್ಚಾದರೆ ಎಲ್ಲವನ್ನೂ ಹಿಡಿದುಬಿಡುತ್ತದೆ. ಮಗಳು ಎರಡು ದಿನ ಹೊರಕಡೆ ಮಾಡಲಿಲ್ಲ. ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ಮಕ್ಕಳ ಡಾಕ್ಟರರ ಹತ್ತಿರ ಓಡಿದೆವು. ಅವರು ಏನೇನು ಹಾಕಿದಿರಿ ಎಂದು ಕೇಳಿ, ತಲೆ ಅಲ್ಲಾಡಿಸಿ, ಔಷಧಿ ಬರೆದರು. ಮೂರನೆಯ ದಿನ ಮಗಳು ಸರಿಯಾದಳು. ಆ ಎರಡು ದಿನ ನಾನು ಅನ್ನ ಮುಟ್ಟಿರಲಿಲ್ಲ. ಅವಳ ಮಡಚಿದ ಕಾಲು ಕಂಡಾಗಲೆಲ್ಲ ನನ್ನ ಬಾಯಿಯನ್ನು ಹೊಲಿದು ಹಾಕಬೇಕು ಅನಿಸುತ್ತಿತ್ತು. ಮಾತಾಡಬೇಕಾದಾಗ ಮಾತಾಡದ ಬಾಯಿ ಅದು.

ಅತ್ತೆಯ ಬಾಯಿಗೆ ಮಾತ್ರ ಬಿಡುವಿರಲಿಲ್ಲ. "ಆಯಿಗೆ ಕಣ್ಣ ಕಾಣವಲ್ವು. ಯಾವ ಬೇರ ಎಷ್ಟ ತೇದ್ರೊ ಯಾರಿಗ್ಗೊತ್ತು" ಎಂದು ನಳದ ಹತ್ತಿರ ಹೇಳಿದರು. ಹಿಟ್ಟಿನ ಗಿರಣಿಯಲ್ಲಿ ಹೇಳಿದರು. ಆಯಿಯ ಒಂದು ಕಣ್ಣಿಗೆ ಪೊರೆ ಬಂದಿದ್ದು ನಿಜವಾದ್ದರಿಂದ ಎಲ್ಲರೂ ನಂಬಿದರು. ನಾನು ಆಗಲೂ ಸುಮ್ಮನಿದ್ದೆ. ಒಂದು ವಾರದೊಳಗೆ ಆಯಿಯ ಹೊಸಿಲಿಗೆ ಕೂಸು ಬರುವುದು ನಿಂತಿತು. ಬೆಳಗ್ಗೆ ಅವರು ಎಂದಿನಂತೆ ಸ್ನಾನ ಮಾಡಿ, ಕಲ್ಲು ತೊಳೆದು, ಕಾಲು ಚಾಚಿ ಕುಳಿತಿರುತ್ತಿದ್ದರು. ಮಡಿಲು ಖಾಲಿ. ಯಾರನ್ನೂ ಕರೆಯುತ್ತಿರಲಿಲ್ಲ. ಬಿಸಿಲು ಹೊಸಿಲಿಗೆ ಬಂದ ಮೇಲೆ ಎದ್ದು ಒಳಗೆ ಹೋಗುತ್ತಿದ್ದರು.

ಹೀಗೆ ಮಡಿಲು ಖಾಲಿಯಾದ ಹತ್ತನೆಯ ದಿನವೋ ಏನೋ, ಆಯಿ ಉತ್ತೂರಿಗೆ ಹೋಗಿಬಿಡುತ್ತಾರಂತೆ, ತಮ್ಮನಿಗೆ ಹೇಳಿಕಳಿಸಿದ್ದಾರಂತೆ ಎಂದು ಸುದ್ದಿ ಬಂತು. ಕೇಳಿದವಳೇ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋದೆ. ಆಗ ಲೈಟ್ ಇರಲಿಲ್ಲ, ಮಗ್ಗ ನಿಂತಿದ್ದವು. ಆಯಿ ಕಲ್ಲಿನ ಮುಂದೆ ಕುಳಿತು ಒಂದು ಎಡಮುರಿಯನ್ನು ತೇಯುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ತೇಯುತ್ತಿದ್ದರು. ನನ್ನನ್ನು ಕಂಡು ಕಲ್ಲನ್ನು ನನ್ನ ಕಡೆ ಸರಿಸಿದರು.

"ನೋಡವಾ, ಇದು ಕಣ್ಣಿಂದಲ್ಲ" ಎಂದರು. "ಮಗ್ಗದ್ದು."

ಅವರು ಬಿಡಿಸಿ ಹೇಳಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಗೋಡೆಯ ಆ ಕಡೆ, ಸರಿಯಾಗಿ ಆಯಿಯ ಬೆನ್ನಿಗಿದ್ದ ಮಗ್ಗ ಅವರ ಗಂಡ ನಡೆಸುತ್ತಿದ್ದ ಮಗ್ಗ. ಕುರಿಹಟ್ಟಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಈ ಸದ್ದಿಗೆ ಅವರಿಗೂ ನಿದ್ದೆ ಬರುತ್ತಿರಲಿಲ್ಲವಂತೆ. ಅಷ್ಟು ಮಗ್ಗಗಳ ಗದ್ದಲದಲ್ಲಿ ಗಂಡನ ಮಗ್ಗ ಯಾವುದು ಎಂದು ಹುಡುಕುತ್ತಾ ಮಲಗುತ್ತಿದ್ದರಂತೆ. ಹಾಗೆ ಹುಡುಕಿ ಹುಡುಕಿ ಅದೊಂದರ ಸದ್ದು ಕೈಗೂ ಇಳಿಯಿತು. ಆ ಮಗ್ಗ ನಾಲ್ಕು ಸಲ ಬಡಿದರೆ ಆಯಿಯದು ಒಂದು ಸುತ್ತು. ಅದೇ ಅವರ ಅಳತೆ. ಅವತ್ತು ಎಡಮುರಿ ಕಲ್ಲಿಗಿಟ್ಟ ಮೇಲೆ ಮಗ್ಗ ಮೂರು ಸಲ ಬಡಿದು ನಿಂತುಬಿಟ್ಟಿತ್ತು. ನಾಲ್ಕನೆಯದು ಬರಲಿಲ್ಲ. ಅದು ಬರಲಿ ಎಂದು ಆಯಿಯ ಕೈ ತಿರುಗುತ್ತಲೇ ಇತ್ತು.

"ಒಂದ ಸುತ್ತೂ ಮುಗದಿದ್ದಿಲ್ಲ ನನ್ನ ಪಾಲಿಗೆ" ಎಂದರು ಆಯಿ. "ಹಿಂದೆಲ್ಲ ಹಿಂಗ ಲೈಟ್ ಹೋಗತಿದ್ದಿಲ್ಲ. ನನಗರ ಏನ ಗೊತ್ತಿತ್ತು, ನಾ ಅದರ ಮ್ಯಾಲ ನಿಂತೇನಿ ಅಂತ."

ನಾನು ಆಗ ಬಾಯಿಬಿಟ್ಟೆ. ಅವತ್ತು ನಾನು ನೋಡಿದ್ದೆ, ಹೇಳಲಿಲ್ಲ, ತಪ್ಪು ನನ್ನದೂ ಇದೆ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಮಗಳನ್ನು ನನ್ನ ಹೆಗಲಿಂದ ಬಿಡಿಸಿಕೊಂಡು ಮಡಿಲಿಗೆ ಹಾಕಿಕೊಂಡರು. ಹತ್ತು ದಿನದ ಮೇಲೆ ಆ ಮಡಿಲಿಗೆ ಬಂದ ಮೊದಲ ಕೂಸು ಅದು.

ಪಕ್ಕದಲ್ಲಿ ಹಿತ್ತಾಳೆಯ ಲೋಟ ಇತ್ತು, ಚಮಚೆ ಇತ್ತು. "ನಾ ಬಡೀತೇನಿ ಆಯಿ, ನೀ ತೇಯಿ" ಎಂದೆ. ಖಟ್ ಖಟ್ ಖಟ್ ಖಟ್ ಎಂದು ಲೋಟ ಬಡಿದೆ. ಆಯಿ ಕೈ ಎತ್ತಿಟ್ಟುಕೊಂಡು ಕೇಳಿ, ತಲೆ ಅಲ್ಲಾಡಿಸಿದರು.

"ಅದಲ್ಲ. ಅದು ಬ್ಯಾರೇದವರ ಮಗ್ಗ. ನಮ್ಮವರದು ಮೂರನೇದಕ್ಕ ಚೂರ ಎಳೀತೈತಿ. ಒಂದು, ಎರಡು... ಮೂರು, ನಾಕು. ಹಂಗ ಬಡಿ."

ಹಳೆಯ ಮಗ್ಗ, ಯಾವುದೋ ಹಲ್ಲು ಸವೆದು ಮೂರನೆಯ ಬಡಿತ ಒಂದು ಉಸಿರು ತಡವಾಗಿ ಬೀಳುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದೇ ಗೋಡೆಯ ಪಕ್ಕ ಇದ್ದರೂ ನನಗೆ ಅದು ಕೇಳಿಸಿರಲೇ ಇಲ್ಲ. ಅರ್ಧ ತಾಸು ಬಡಿದ ಮೇಲೆ ಕೈಗೆ ಹತ್ತಿತು. ಆಯಿ ಎರಡು ಸುತ್ತು ತೇಯ್ದು ಕಲ್ಲು ನೋಡಿದರು. ಬೆರಳಿಗೆ ಹತ್ತುವಷ್ಟೇ ತೆಳ್ಳನೆಯ ಗಂಧ. ಅದನ್ನು ತಾವೇ ನೆಕ್ಕಿ, "ಇದು" ಎಂದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಮತ್ತೆ ನೋಡಿದ್ದು ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಹೇಳಿದೆ. ನನ್ನ ಸುಮ್ಮನಿದ್ದ ತಪ್ಪನ್ನೂ ಸೇರಿಸಿಯೇ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟು, "ಇಷ್ಟ ದಿನ ಬಾಯಾಗ ಏನ ಇಟಗೊಂಡಿದ್ದಿ?" ಎಂದರು. ಆಮೇಲೆ ಅವರೇ, "ಪಾಪ, ಹಿರೇಮನಶಾಳಿಗೆ ಕಣ್ಣ ಇಲ್ಲ ಅಂದ್ನಲ್ಲಾ ನಾ" ಎಂದು ಗೊಣಗುತ್ತಾ ಎದ್ದು ಚಪ್ಪಲಿ ಹಾಕಿಕೊಂಡರು. ಅತ್ತೆಯ ಬಗ್ಗೆ ಏನು ಹೇಳಿದರೂ ಇದೊಂದನ್ನು ಒಪ್ಪಬೇಕು. ಕೆಟ್ಟ ಸುದ್ದಿಯನ್ನು ಎಷ್ಟು ಬೇಗ ಮುಟ್ಟಿಸಿದ್ದರೋ, ಈ ಸುದ್ದಿಯನ್ನೂ ಅಷ್ಟೇ ಬೇಗ ಮುಟ್ಟಿಸಿದರು. ನಳದ ಹತ್ತಿರ, ಗಿರಣಿಯಲ್ಲಿ, ಎಲ್ಲೆಡೆ.

ಆದರೂ ಜನ ಅನುಮಾನಿಸಿದರು. ಕೂಸಿನ ವಿಷಯ, ತಪ್ಪೇನಿಲ್ಲ. ಮೊದಲು ಬಂದವಳು ಮೂರನೆಯ ಖೋಲಿಯ ಮರಾಠಿ ಬಾಣಂತಿ. "ಆಯಿ, ಬಾಳ ಲಯಿ ರಡತಯ್" ಎಂದು ಅಳುವ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಜೊತೆಗೆ ನೋಡಲು ಅರ್ಧ ಗಲ್ಲಿ. ಅರ್ಧ ಕೆಲಸದಲ್ಲಿ ಲೈಟ್ ಹೋಯಿತು. ಎಲ್ಲರ ಕಣ್ಣು ಆಯಿಯ ಕೈಯ ಮೇಲೆ. ಆಯಿ ಕಾಯಿಯನ್ನು ಕಲ್ಲಿಂದ ಎತ್ತಿ ಹಿಡಿದು ನನ್ನ ಕಡೆ ನೋಡಿದರು. ನಾನು ಲೋಟ ಎತ್ತಿಕೊಂಡೆ. ಒಂದು, ಎರಡು... ಮೂರು, ನಾಲ್ಕು. ಸರಿಯಾಗಿ ಒಂದು ಸುತ್ತು. ಆ ಕೂಸು ಒಂದು ತಿಂಗಳಿನದು.

ಮರುದಿನ ಆಯಿಯ ಹೊಸಿಲಲ್ಲಿ ಮೂರು ಕೂಸು. ಉತ್ತೂರಿಗೆ ಬರುವುದಿಲ್ಲ ಎಂದು ತಮ್ಮನಿಗೆ ಮತ್ತೆ ಹೇಳಿಕಳಿಸಿದರು. ಅಲ್ಲಿಂದ ಮುಂದೆ ಲೈಟ್ ಹೋದಾಗಲೆಲ್ಲ ಗಲ್ಲಿಯ ಯಾವುದೋ ಮೂಲೆಯಿಂದ ನನ್ನ ಹೆಸರು ಕೂಗುವುದು ಶುರುವಾಯಿತು. ಒಲೆಯ ಮೇಲೆ ರೊಟ್ಟಿ ಬಿಟ್ಟು ಓಡುತ್ತಿದ್ದೆ. ನನ್ನ ಗಂಡ "ಶೆಡ್ಡಿನಾಗ ನಾ ಮಗ್ಗ ನಡಸ್ತೇನಿ, ಗಲ್ಯಾಗ ನೀ ನಡಸ್ತಿ" ಎಂದು ಕಾಡಿಸುತ್ತಿದ್ದ.

ಒಂದು ವಿಷಯ ಮಾತ್ರ ಬದಲಾಯಿತು. ನನ್ನ ಮಗಳಿಗೆ ಆಯಿ ಮತ್ತೆ ಗುಟ್ಟಿ ಕೊಡಲಿಲ್ಲ. ನಾನು ಕೇಳಿದೆ, ಅತ್ತೆಯೂ ಕೇಳಿದರು. "ಇಕಿದು ಬ್ಯಾಡ" ಎಂದುಬಿಟ್ಟರು. ಎಲ್ಲ ಕೂಸುಗಳ ಸರದಿ ಮುಗಿದ ಮೇಲೆ ಮಗಳನ್ನು ಎದೆಗವಚಿಕೊಂಡು ಕುಳಿತು, ಗೋಡೆಗೆ ಬೆನ್ನು ಕೊಟ್ಟು, ಅವಳ ಬೆನ್ನು ತಟ್ಟುತ್ತಿದ್ದರು. ಕಾಯಿ ಇಲ್ಲ, ಕಲ್ಲು ಇಲ್ಲ, ಬರೀ ಕೈ. ಮಗಳು ಗುಟ್ಟಿ ಕುಡಿದವರಿಗಿಂತ ಮೊದಲು ನಿದ್ದೆ ಹೋಗುತ್ತಿದ್ದಳು. ಅವಳು ನಡೆಯುವವರೆಗೂ ಇದು ತಪ್ಪಲಿಲ್ಲ.

ಆಯಿ ಚಳಿಗಾಲದಲ್ಲಿ ತಪ್ಪದೆ ಉತ್ತೂರಿಗೆ ಹೋಗಿ ವರ್ಷಕ್ಕೆ ಬೇಕಾಗುವಷ್ಟು ಕಾಯಿ ತರುತ್ತಿದ್ದರು. ಅಂಗಡಿಯ ಕಾಯಿ ಅವರಿಗೆ ಆಗುತ್ತಿರಲಿಲ್ಲ. ಹಸಿರು ಇರುವಾಗಲೇ ಹರಿದು ಒಣಗಿಸುತ್ತಾರೆ, ಗಿಡದ ಮೇಲೇ ಒಣಗಬೇಕು ಎನ್ನುವರು. ಆ ವರ್ಷ ಮೊಣಕಾಲು ನೋವಿಗೆ ಒಬ್ಬರೇ ಹೋಗಲಾರದೆ ನನ್ನನ್ನು ಕರೆದರು. ಮಗಳನ್ನು ಎತ್ತಿಕೊಂಡು ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ ಹೋದೆವು. ಅಲ್ಲಿ ಬಸ್ಸು ಇಳಿದಾಗ ನನ್ನ ಕಿವಿಯೇ ಕೆಟ್ಟಿತು ಅನಿಸಿತು. ಅಷ್ಟು ಸುಮ್ಮನೆ ಇತ್ತು ಊರು. ದೂರದಲ್ಲೊಂದು ಕುರಿ ಅರಚಿದರೆ ಅದು ಮುಗಿಯುವವರೆಗೂ ಕೇಳುತ್ತಿತ್ತು.

ಗುಡ್ಡದ ಇಳಿಜಾರಿನಲ್ಲಿ ಆಳೆತ್ತರದ ಗಿಡಗಳು. ಎಲೆ ಮುಟ್ಟಿದರೆ ಒರಟು. ಮಳೆಗಾಲದಲ್ಲಿ ಕೆಂಪು ಹೂ ಬಿಡುತ್ತದೆ, ಎರಡು ದಿನಕ್ಕೆ ಅದೇ ಹೂ ಬೂದಿ ಬಣ್ಣಕ್ಕೆ ತಿರುಗುತ್ತದೆ ಎಂದು ಆಯಿ ತೋರಿಸುತ್ತಾ ಹೇಳಿದರು, ಹೂ ಇಲ್ಲದಿದ್ದರೂ. ಗಿಡದ ತುಂಬ ನುಲಿದ ಕಾಯಿ. ಕೆಲವು ಗಿಡಗಳನ್ನು ಬುಡಕ್ಕೇ ಕತ್ತರಿಸಿದ್ದರು. ಅದರ ತೊಗಟೆ ಸುಲಿದು ನೆನೆಹಾಕಿ ಕುರಿ ಕಟ್ಟುವ ಹಗ್ಗ ಹೊಸೆಯುತ್ತಾರೆ. ಅದಕ್ಕೇ ಅಕ್ಕ ತಮ್ಮನಿಗೆ ಪ್ರತಿ ವರ್ಷ ಜಗಳ. "ಕಾಯಿ ಹರಿಯೂತನಾ ತಡಿಯಾಕ ಆಗಂಗಿಲ್ಲೇನ ನಿನಗ?" ಎಂದು ಇವರು. "ಕುರಿ ತಡೀತಾವೇನ? ನಿನ್ನ ಕಾಯಿ ಬೀಳ್ಲಿ ಅಂತ ಅವನ್ನೇನ ಕೈಲೆ ಹಿಡಕೊಂಡ ಕೂಡ್ಲಿ?" ಎಂದು ತಮ್ಮ. ಕಂಬಳಿ ಹೊದ್ದು ಬಾಗಿಲಲ್ಲಿ ಕುಳಿತ ಆ ಮುದುಕ ಜಗಳವಾಡುತ್ತಲೇ, ಅಕ್ಕನಿಗಾಗಿ ಬಿಟ್ಟಿದ್ದ ಹತ್ತು ಗಿಡಗಳನ್ನು ಬೆರಳು ಮಾಡಿ ತೋರಿಸಿದ. ಆಯಿ ಕಾಯಿ ಹರಿದು ತಾವು ಹೊದ್ದು ಬಂದಿದ್ದ ಕಂಬಳಿಯ ತುದಿಗೆ ಕಟ್ಟಿಕೊಂಡರು. ಪ್ರತಿ ಗಿಡದಲ್ಲೂ ಒಂದಷ್ಟು ಬಿಟ್ಟರು. ನಾನು ಯಾಕೆ ಎಂದು ಕೇಳಲಿಲ್ಲ, ಬೀಜಕ್ಕೆ ಎಂದು ಯಾರಿಗಾದರೂ ತಿಳಿಯುತ್ತದೆ.

ಮನೆಯಲ್ಲಿ ತಮ್ಮನ ಮೊಮ್ಮಗ, ಇನ್ನೂ ಎಳೆಗೂಸು, ಹೊಟ್ಟೆನೋವಿಗೆ ಅಳುತ್ತಿತ್ತು. ಅಲ್ಲಿಯವರೆಗೆ ಆಯಿ ತವರಿನಲ್ಲಿ ಗುಟ್ಟಿ ಕೊಟ್ಟವರೇ ಅಲ್ಲವಂತೆ. "ಇಲ್ಲಿ ನನ್ನ ಕೈಗೆ ಯಾಕೋ ಬರಂಗಿಲ್ಲ" ಎಂದು ತಪ್ಪಿಸಿಕೊಳ್ಳುತ್ತಿದ್ದರಂತೆ. ಯಾಕೆ ಎಂದು ಈಗ ನಮಗಿಬ್ಬರಿಗೂ ಗೊತ್ತಿತ್ತು. ಆಯಿ ಅಂಗಳದಲ್ಲಿ ಕಲ್ಲು ಇಟ್ಟು ಕುಳಿತರು. ನಾನು ಅವರ ಮನೆಯ ತಂಬಿಗೆ ಹುಡುಕಿ ತಂದು ಬಡಿಯತೊಡಗಿದೆ. ಕುರಿಗಳೆಲ್ಲ ತಲೆ ಎತ್ತಿ ನೋಡಿದವು. ಮುದುಕ ಬೀಡಿ ಬಾಯಿಂದ ತೆಗೆದು, "ಯಕ್ಕಾ, ಇಚಲಕರಂಜಿಂದ ಮಗ್ಗಾನೂ ತಂದೀಯೇನ?" ಎಂದ.

ಆಯಿ ನಕ್ಕರು. ನಗುತ್ತಲೇ ಎಣಿಕೆ ತಪ್ಪದಂತೆ ತೇಯ್ದರು. ತಮ್ಮನ ಮನೆಯ ಕೂಸನ್ನು ತಮ್ಮ ಮಡಿಲಲ್ಲಿ ಮಲಗಿಸಿಕೊಂಡು, ಹುಟ್ಟಿದ ಮನೆಯ ಅಂಗಳದಲ್ಲಿ ಗುಟ್ಟಿ ನೆಕ್ಕಿಸಿದರು. ಆಗಲೇ ಹೇಳಿದೆನಲ್ಲ, ಆ ಸಂತೋಷವನ್ನು ಅವರ ಮುಖದಲ್ಲಿ ಮತ್ತೆ ನೋಡಿದ್ದು ಒಂದೇ ಸಲ ಎಂದು. ಅದು ಇದು.

ಆಮೇಲಿನದು ಎಲ್ಲರ ಮನೆಯ ಕಥೆ. ಹಳೆಯ ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು. ನಮ್ಮ ಶೆಡ್ಡೂ ಖಾಲಿಯಾಯಿತು. ಹಾಗೆ ಒಡೆದು ಟೆಂಪೋಕ್ಕೆ ತುಂಬುವಾಗ ಆಯಿ ಹೊರಗೆ ಬಂದು, ಗಂಡನ ಮಗ್ಗ ಯಾವುದು ಎಂದು ಗುರುತಿಸಲು ನೋಡಿದರು. ಗುರುತು ಸಿಗಲಿಲ್ಲ. ನಿಂತ ಮಗ್ಗ ಎಲ್ಲ ಒಂದೇ ಥರ ಇರುತ್ತದೆ. ಕಿವಿಯಿಂದ ಗೊತ್ತಿದ್ದದ್ದು ಕಣ್ಣಿಗೆ ಹೇಗೆ ಗೊತ್ತಾಗಬೇಕು... ಆ ವಾರವೇ ಅವರು ಉತ್ತೂರಿಗೆ ಹೊರಟರು. ಈ ಸಲ ಯಾರ ಮೇಲಿನ ಬೇಸರದಿಂದಲೂ ಅಲ್ಲ. ತಮ್ಮ ತಾನಾಗಿ ಬಂದು ಕರೆದುಕೊಂಡು ಹೋದ. ಹೋಗುವಾಗ ಸಾಣೆಕಲ್ಲನ್ನು ನನ್ನ ಕೈಗಿಟ್ಟರು.

ನಾವು ಗಡಹಿಂಗ್ಲಜಕ್ಕೆ ಬಂದೆವು. ಬಟ್ಟೆ ನೇಯುತ್ತಿದ್ದ ನನ್ನ ಗಂಡ ಈಗ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುತ್ತಾನೆ. ಇಲ್ಲಿಂದ ಉತ್ತೂರು ದೂರವೇನಲ್ಲ. ಮೊದಮೊದಲು ಹೋಗುತ್ತಿದ್ದೆ, ಆಮೇಲೆ ಮುಂದಿನ ತಿಂಗಳು, ಮುಂದಿನ ಹಬ್ಬ ಎಂದು ತಳ್ಳುತ್ತಾ ಬಂದೆ. ಆಯಿ ತೀರಿಹೋದ ಸುದ್ದಿ ನನಗೆ ತಲುಪಿದ್ದು ಎಂಟು ದಿನದ ಮೇಲೆ, ಬಸ್ ನಿಲ್ದಾಣದಲ್ಲಿ ಸಿಕ್ಕ ಯಾರಿಂದಲೋ. ಅಲ್ಲೇ ಬೆಂಚಿನ ಮೇಲೆ ಕುಳಿತು ಅಳತೊಡಗಿದೆ. ಎರಡು ಬಸ್ಸು ಬಂದು ಹೋದವು.

ಮೊನ್ನೆ ಸಂತೆಯಿಂದ ಮನೆಗೆ ಬಂದಾಗ ಮಗಳು ಚೀಲ ಬಿಚ್ಚಿ ಕಾಯಿಯನ್ನು ಕಂಡಳು. ಹೆರಿಗೆಗೆ ಬಂದವಳು, ನಲವತ್ತು ದಿನದ ಬಾಣಂತಿ. "ಅವ್ವಾ, ಆರ ತಿಂಗಳತನಾ ನನ್ನ ಹಾಲ ಬಿಟ್ಟ ಏನೂ ಹಾಕಬ್ಯಾಡ್ರಿ ಅಂದಾರ ಡಾಕ್ಟರ್" ಎಂದು ಮೊದಲೇ ತಡೆದಳು. "ಯಾರ ಹಾಕತೇನಂದ್ರು? ನೆನಪಿಗಂತ ತಂದ್ನಿ" ಎಂದೆ. ನಿಜವಾಗಿಯೂ ಹಾಕುವ ಮನಸ್ಸು ನನಗಿರಲಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೇನೆ. ಅಟ್ಟದಿಂದ ಸಾಣೆಕಲ್ಲು ಇಳಿಸಿ, ಧೂಳು ಒರೆಸಿ, ಅದರ ತಗ್ಗಿನಲ್ಲಿ ಕಾಯಿಯನ್ನು ಇಟ್ಟೆ. ಎಷ್ಟು ಚೆನ್ನಾಗಿ ಕುಳಿತುಕೊಂಡಿತು. ಆಯಿ ಇರಬೇಕಿತ್ತು ಅನಿಸಿತು. ಅದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಮೊಮ್ಮಗಳು ಅಳತೊಡಗಿದಳು. ಕಾಲು ಮಡಚಿ, ಮುಖ ಕೆಂಪಗೆ ಮಾಡಿ, ಥೇಟ್ ತಾಯಿಯಂತೆಯೇ. ಮಗಳು ಅವಳನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಆನಿ ಕುಳಿತು ಬೆನ್ನು ತಟ್ಟತೊಡಗಿದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೋಡುತ್ತಿದ್ದವಳು ಕೇಳತೊಡಗಿದೆ.

"ಹಂಗ್ಯಾಕ ಬಡೀತಿ?" ಎಂದೆ.

"ಹೆಂಗ?"

"ಮೂರನೇದಕ್ಕ ಚೂರ ನಿಂತು."

ಮಗಳು ತನ್ನ ಕೈಯನ್ನು ತಾನೇ ಹೊಸದಾಗಿ ಕಂಡವಳಂತೆ ನೋಡಿದಳು. "ಗೊತ್ತಿಲ್ಲ ಅವ್ವಾ. ಕೈ ಹಂಗ ಹೋಗತೈತಿ" ಎಂದು ಮತ್ತೆ ತಟ್ಟತೊಡಗಿದಳು.

ಮನೆ ಸದ್ದಿಲ್ಲದೆ ಇತ್ತು. ಮೊಮ್ಮಗಳ ಅಳು ಬಿಕ್ಕಾಗಿ ಇಳಿಯುತ್ತಿತ್ತು. ಒಂದು, ಎರಡು... ಮೂರು. ನಾನು ಕಲ್ಲನ್ನು ಎದೆಗೆ ಹಿಡಿದುಕೊಂಡು ನಾಲ್ಕನೆಯದಕ್ಕೆ ಕಾದು ನಿಂತೆ. ಅದು ಬಂತು.